ಎಣ್ಣೆ ದಡಕ್ಕೆ ಬರುವ ಮುಂಚೆ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಧಾರವಾಡದ್ದೊಂದು ತುಣುಕು ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಅಲ್ಲೇ, ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ. ಇದನ್ನು ಧಾರವಾಡದಲ್ಲಿ ಹೇಳಿದರೆ ಎಷ್ಟೋ ಜನ ಹೌದಾ ಅಂತ ಕೇಳುತ್ತಾರೆ. ವಿಶ್ವವಿದ್ಯಾಲಯ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ದೊಡ್ಡ ಕಟ್ಟಡ, ಅದರ ಸುತ್ತಲಿನ ಮರಗಳು. ಅದಕ್ಕೂ ಉಪ್ಪುನೀರಿಗೂ ಏನು ಸಂಬಂಧ ಅನ್ನಿಸುವುದು ಸಹಜ.

ಆದರೆ ಹುಬ್ಬಳ್ಳಿ-ಧಾರವಾಡಕ್ಕೆ ಸಮುದ್ರ ಅಷ್ಟೇನೂ ದೂರ ಇಲ್ಲ. ಬೆಳಗ್ಗೆ ಬಸ್ಸು ಹತ್ತಿದರೆ ಯಲ್ಲಾಪುರ ದಾಟಿ, ಅರಬೈಲ ಘಟ್ಟ ಇಳಿದು, ಮಧ್ಯಾಹ್ನದ ಊಟಕ್ಕೆ ಅಂಕೋಲೆ ಮುಟ್ಟಬಹುದು. ಅದೇ ಘಟ್ಟ ಹತ್ತಿ ಬಂಗಡೆ, ತಾರ್ಲೆ, ಸಿಗಡಿ ನಮ್ಮೂರಿಗೆ ಬರುತ್ತವೆ. ಕರಾವಳಿಯಲ್ಲಿ ಏನಾದರೂ ಆದರೆ ಮರುದಿನವೇ ಹುಬ್ಬಳ್ಳಿಯ ಗಣೇಶಪೇಟೆ ಮೀನು ಮಾರುಕಟ್ಟೆಯಲ್ಲಿ ಅದರ ಮಾತು ಶುರುವಾಗುತ್ತದೆ.

2025ರ ಮೇ 25ರಂದು ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎನ್ನುವ ಹಡಗು ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು. 13ರಲ್ಲಿ ಅಪಾಯದ ಸರಕು. ಇಂಧನದ ಟ್ಯಾಂಕಿನಲ್ಲಿ 84 ಟನ್ ಡೀಸೆಲ್, 367 ಟನ್ ಫರ್ನೇಸ್ ಆಯಿಲ್. ಸುದ್ದಿ ಬಂದ ಎರಡು-ಮೂರು ದಿನದಲ್ಲೇ ಇಲ್ಲಿನ ಮೊಬೈಲುಗಳಲ್ಲಿ ‘ಮೀನು ತಿನ್ನಬೇಡಿ’ ಅನ್ನುವ ಸಂದೇಶ ಓಡಾಡಿತು. ಆ ವಾರ ನಾನು ಮಾರುಕಟ್ಟೆಗೆ ಹೋದಾಗ ನನ್ನ ಮುಂದೆ ನಿಂತವರು ಬಂಗಡೆಯ ಕಿವಿರು ಎತ್ತಿ ನೋಡಿ, ಮೂಸಿ, ಮತ್ತೆ ಬುಟ್ಟಿಗೆ ಹಾಕಿದರು. “ಇದು ಕಾರವಾರದ್ದರೀ ಅಣ್ಣಾರ, ಕೇರಳದ್ದಲ್ಲ. ಹೆದರಬ್ಯಾಡ್ರಿ” ಅಂತ ಮೀನು ಮಾರುವ ಅಕ್ಕ ಹೇಳುತ್ತಲೇ ಇದ್ದರು. ಅವರು ತಗೊಳ್ಳಲಿಲ್ಲ. ಆಮೇಲೆ ಅಕ್ಕ ನನ್ನ ಕಡೆ ತಿರುಗಿ, “ನೀವರ ಹೇಳ್ರಿ, ಯಾರನ್ನ ಕೇಳಬೇಕ್ರಿ ಇದನ್ನ?” ಅಂದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯಾರನ್ನು ಕೇಳಬೇಕು?

ಎಣ್ಣೆ ಸೋರಿದಾಗ ನಮ್ಮ ದೇಶದಲ್ಲಿ ಮೊದಲು ಓಡಿ ಬರುವುದು ತಟರಕ್ಷಣಾ ಪಡೆ. 1996ರಿಂದ ಇದಕ್ಕಾಗಿ ಒಂದು ರಾಷ್ಟ್ರೀಯ ಯೋಜನೆ ಇದೆ. 700 ಟನ್‌ವರೆಗಿನ ಸೋರಿಕೆ ಒಂದು ಹಂತ, 10,000 ಟನ್‌ವರೆಗೆ ಇನ್ನೊಂದು, ಅದಕ್ಕಿಂತ ಜಾಸ್ತಿ ಆದರೆ ಮೂರನೆಯದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಗಾಳಿ, ಅಲೆ, ಸಮುದ್ರದ ನೀರಿನ ಸೆಳೆತ ನೋಡಿ ಎಣ್ಣೆ ಯಾವ ಕಡೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತದೆ. ಹಡಗು, ಹೆಲಿಕಾಪ್ಟರ್, ತೇಲುವ ತಡೆಪಟ್ಟಿ ಎಲ್ಲ ಬರುತ್ತವೆ. ಇದು ಸಮುದ್ರದ ಮೇಲಿನ ಕೆಲಸ. ಅದನ್ನು ಮಾಡುವವರು ಇದ್ದಾರೆ, ಚೆನ್ನಾಗಿಯೇ ಮಾಡುತ್ತಾರೆ.

ಆದರೆ ದಡದ ಮೇಲಿನ ಪ್ರಶ್ನೆಗಳೇ ಬೇರೆ. ಈ ಮೀನು ತಿನ್ನಬಹುದಾ? ಯಾವತ್ತಿನಿಂದ ಬಲೆ ಹಾಕಬಹುದು? ಕೈಗೆ ಮೆತ್ತಿದ ಈ ಕಪ್ಪು ಯಾವುದರಲ್ಲಿ ಹೋಗುತ್ತದೆ, ಚರ್ಮಕ್ಕೆ ಏನಾದರೂ ಆಗುತ್ತದಾ? ಮುಂದಿನ ವರ್ಷ ಚಿಪ್ಪಿ ಸಿಗುತ್ತದಾ? ನನಗಾದ ನಷ್ಟ ಯಾರು ಕೊಡುತ್ತಾರೆ? ಇಂಥ ಪ್ರಶ್ನೆಗಳಿಗೆ ನಿಧಾನವಾಗಿ, ವರ್ಷಗಟ್ಟಲೆ, ಒಂದೇ ಊರಲ್ಲಿದ್ದುಕೊಂಡು ಉತ್ತರ ಹುಡುಕುವ ಸಂಸ್ಥೆ ಬೇಕು. ಅದು ವಿಶ್ವವಿದ್ಯಾಲಯವೇ ಅಂತ ನನಗೆ ಅನ್ನಿಸಿದ್ದು ಬೇರೆ ಬೇರೆ ದೇಶಗಳ ಕತೆ ಓದುತ್ತಾ ಹೋದಂತೆ. ಇನ್ನೊಂದು ಮಾತೂ ಅನ್ನಿಸಿತು. ವಿಶ್ವವಿದ್ಯಾಲಯದ ಮುಖ್ಯ ಕೆಲಸ ಎಣ್ಣೆ ಬಂದ ದಿನದ್ದಲ್ಲ, ಅದು ಬರುವ ಮುಂಚಿನದ್ದು.

ಮೊದಲು ನಮ್ಮದೇ ದಡದ ಮಾತು. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯ ಎನ್ನುವ ಹಡಗು ಕಾರವಾರದ ಹತ್ತಿರ, ದೀಪಸ್ತಂಭ ಇರುವ ದ್ವೀಪದ ಬಳಿ ಬಂಡೆಗೆ ಬಡಿದು ನಿಂತಿತು. ಮಳೆಗಾಲ ಬಾಗಿಲಲ್ಲೇ ಇತ್ತು. ಅಲೆಯ ಹೊಡೆತಕ್ಕೆ ಹಡಗು ಒಡೆದು ಇಂಧನದ ಎಣ್ಣೆ ಹೊರಗೆ ಬಂತು. ಕಾರವಾರದ ದಡಕ್ಕೂ ಪಕ್ಕದ ದಕ್ಷಿಣ ಗೋವಾದ ದಡಕ್ಕೂ ಅದು ಮೆತ್ತಿಕೊಂಡಿತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಬಂದು ಮರಳಿನೊಳಗೆ ಬದುಕುವ ಸಣ್ಣ ಸಣ್ಣ ಜೀವಿಗಳಿಗೆ ಏನಾಯಿತು ಎಂದು ಅಭ್ಯಾಸ ಮಾಡಿದರು. ನೋಡಿ, ಎಲ್ಸಾ ಮುಳುಗಿದ್ದೂ ಮೇ ಕೊನೆಯಲ್ಲೇ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆ ಕಾಲ ಯಾವಾಗಲೂ ಅಪಾಯದ್ದು. ಗಾಳಿ ಎಲ್ಲವನ್ನೂ ದಡದ ಕಡೆಗೇ ತಳ್ಳುತ್ತದೆ.

ಹಡಗು ಮುಳುಗದಿದ್ದರೂ ಎಣ್ಣೆ ಬರುತ್ತದೆ. ಗೋವಾ, ಕಾರವಾರದ ದಡಗಳಲ್ಲಿ ಮಳೆಗಾಲದ ಆಸುಪಾಸಿನಲ್ಲಿ ಕಪ್ಪು ಡಾಂಬರಿನ ಉಂಡೆಗಳು ಸಿಗುತ್ತವೆ. ದೂರದಿಂದ ನೋಡಿದರೆ ಒಣಗಿದ ಸಗಣಿಯೋ ಕಲ್ಲೋ ಅನ್ನಿಸುತ್ತದೆ. ತುಳಿದರೆ ಗೊತ್ತಾಗುತ್ತದೆ. ಮೇಲಿನ ಪದರ ಗಟ್ಟಿ, ಅದಕ್ಕೆ ಮರಳು, ಚಿಪ್ಪಿನ ಚೂರು ಅಂಟಿಕೊಂಡಿರುತ್ತದೆ. ಕಾಲಿನ ಭಾರ ಬಿದ್ದ ಕೂಡಲೇ ಅದು ಒಡೆದು ಒಳಗಿನ ಮೆತ್ತಗಿನ ಜಿಡ್ಡು ಅಂಗಾಲಿಗೆ ಹತ್ತುತ್ತದೆ. ಎಷ್ಟು ನೀರು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿದರೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಬಟ್ಟೆ ಬಿಸಾಡಬೇಕಾಗುತ್ತದೆ. ಇಂಥ ಉಂಡೆಯನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ರಾಸಾಯನಿಕ ಬೆರಳಚ್ಚು ತೆಗೆಯಬಹುದು. ಎಣ್ಣೆ ಎಷ್ಟೇ ಬಿಸಿಲು, ಅಲೆ ಕಂಡರೂ ಅದರೊಳಗಿನ ಕೆಲವು ಅಣುಗಳು ಬೇಗ ಹಾಳಾಗುವುದಿಲ್ಲ. ಅವುಗಳ ಪ್ರಮಾಣ ಒಂದೊಂದು ತೈಲಬಾವಿಗೆ ಒಂದೊಂದು ಥರ. ಹಾಗಾಗಿ ಈ ಎಣ್ಣೆ ಎಲ್ಲಿಯದು ಎಂದು ಹೇಳಲು ಬರುತ್ತದೆ. ಗೋವಾದ ವಿಜ್ಞಾನಿಗಳು ಅಲ್ಲಿನ ಉಂಡೆಗಳನ್ನು ಹೀಗೆ ಪರೀಕ್ಷಿಸಿ, ಮುಂಬೈ ಕಡಲಿನ ಬಾಂಬೆ ಹೈ ತೈಲಬಾವಿಗಳ ಕಡೆಯಿಂದ ಬಂದದ್ದು ಯಾವುದು, ಟ್ಯಾಂಕರ್ ಹಡಗುಗಳು ತೊಳೆದು ಬಿಟ್ಟದ್ದು ಯಾವುದು ಎಂದು ಗುರುತಿಸುವ ಕೆಲಸ ಮಾಡಿದ್ದಾರೆ. ದಡದವರಿಗೆ ಇದು ಬಹಳ ದೊಡ್ಡ ಸಹಾಯ. ಯಾರದು ಎಂದು ಗೊತ್ತಾಗದ ಕೊಳೆಗೆ ಯಾರೂ ದುಡ್ಡು ಕಟ್ಟುವುದಿಲ್ಲ.

ಈಗ ಇಂಗ್ಲೆಂಡಿನ ಕತೆ. 1967ರ ಮಾರ್ಚ್ 18ರಂದು ಟೋರಿ ಕ್ಯಾನ್ಯನ್ ಎಂಬ ಟ್ಯಾಂಕರ್ ಕಾರ್ನ್‌ವಾಲ್ ಹತ್ತಿರ ಬಂಡೆಗೆ ಬಡಿಯಿತು. ಸುಮಾರು 1,19,000 ಟನ್ ಕಚ್ಚಾ ತೈಲ. ಅಷ್ಟು ದೊಡ್ಡ ಸೋರಿಕೆಯನ್ನು ಜಗತ್ತು ಅಲ್ಲಿಯವರೆಗೆ ಕಂಡಿರಲಿಲ್ಲ. ಸರಕಾರ ಸೈನಿಕರನ್ನು ಕಳಿಸಿ ದಡದ ಮೇಲೆ ಸಾವಿರಾರು ಟನ್ ಡಿಟರ್ಜೆಂಟ್ ಸುರಿಸಿತು. ಎಣ್ಣೆ ಕಣ್ಣಿಗೆ ಕಾಣದಂತಾಯಿತು, ಎಲ್ಲರಿಗೂ ಸಮಾಧಾನ. ಆದರೆ ಪ್ಲಿಮತ್‌ನಲ್ಲಿ ಒಂದು ಹಳೆಯ ಕಡಲ ಜೀವಶಾಸ್ತ್ರ ಸಂಶೋಧನಾಲಯ ಇತ್ತು. ಅಲ್ಲಿನವರು ಎಷ್ಟೋ ವರ್ಷಗಳಿಂದ ಅದೇ ಬಂಡೆಗಳ ಮೇಲೆ ಯಾವ ಚಿಪ್ಪಿನ ಹುಳ ಎಷ್ಟು, ಯಾವ ಪಾಚಿ ಎಷ್ಟು ಎಂದು ಬರೆದಿಟ್ಟುಕೊಂಡು ಬಂದಿದ್ದರು. ಅವರು ಬೇರೆ ಕೆಲಸ ಬದಿಗಿಟ್ಟು ದಡಕ್ಕೆ ಇಳಿದರು. ಬಂಡೆಯ ಪಾಚಿ ತಿನ್ನುವ ಲಿಂಪೆಟ್ ಎಂಬ ಚಿಪ್ಪುಜೀವಿಗಳು ರಾಶಿ ರಾಶಿ ಸತ್ತಿದ್ದವು. ಕೊಂದದ್ದು ಎಣ್ಣೆಗಿಂತ ಜಾಸ್ತಿ ಆ ಡಿಟರ್ಜೆಂಟ್. ಎಣ್ಣೆಯನ್ನು ಅದರ ಪಾಡಿಗೆ ಬಿಟ್ಟ ಬಂಡೆಗಳು ಎರಡು-ಮೂರು ವರ್ಷದಲ್ಲಿ ಚೇತರಿಸಿಕೊಂಡವು. ಡಿಟರ್ಜೆಂಟ್ ಜಾಸ್ತಿ ಸುರಿದ ಕಡೆ 10-15 ವರ್ಷ ಹಿಡಿಯಿತು.

ಇದನ್ನು ಅವರು ಅಷ್ಟು ಖಚಿತವಾಗಿ ಹೇಳಲು ಆದದ್ದು ಹೇಗೆ? ಎಣ್ಣೆ ಬರುವ ಮುಂಚಿನ ಲೆಕ್ಕ ಅವರ ಕೈಯಲ್ಲಿತ್ತು. ಅಷ್ಟೇ. ಆ ಲೆಕ್ಕ ಇಲ್ಲದಿದ್ದರೆ ‘ಇಲ್ಲಿ ಮೊದಲೂ ಲಿಂಪೆಟ್ ಕಡಿಮೆಯೇ ಇದ್ದವು’ ಅಂತ ಯಾರು ಬೇಕಾದರೂ ವಾದ ಮಾಡಬಹುದಿತ್ತು. ಮುಂದೆ ಬೇರೆ ದೇಶಗಳು ದಡ ತೊಳೆಯುವಾಗ ಎರಡು ಸಲ ಯೋಚಿಸುವಂತಾದದ್ದು ಈ ಸುಮ್ಮನೆ ಕೂತು ಚಿಪ್ಪು ಎಣಿಸಿದವರಿಂದ.

ಕಾರವಾರದ ದಡದಲ್ಲಿ ನಮ್ಮ ವಿದ್ಯಾರ್ಥಿಗಳು ಇಂಥದೇ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಇಳಿತದ ಹೊತ್ತು. ಒದ್ದೆ ಮರಳಿನ ಮೇಲೆ ಕಬ್ಬಿಣದ ಒಂದು ಚೌಕಟ್ಟು ಇಟ್ಟರು. ಚೌಕಟ್ಟಿನೊಳಗಿನ ಮರಳನ್ನು ಅಳತೆಯ ಆಳಕ್ಕೆ ತೋಡಿ ಜರಡಿಗೆ ಹಾಕಿದರು. ಒಬ್ಬ ಹುಡುಗಿ ಸಮುದ್ರದ ನೀರಿನಲ್ಲೇ ಜರಡಿ ಆಡಿಸಿದಳು. ಮರಳು ಇಳಿದು ಹೋದ ಮೇಲೆ ಉಳಿದದ್ದು ಬೆರಳ ತುದಿಯಷ್ಟು ಚಿಪ್ಪುಗಳು, ಒಂದು ಕೆಂಪು ಹುಳ, ಕಾಲು ಮಡಚಿಕೊಂಡ ಎರಡು ಮರಿ ಏಡಿ. ಇನ್ನೊಬ್ಬ ಹುಡುಗ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದ, ಪುಟ ಒದ್ದೆ ಆಗಬಾರದು ಅಂತ. “ಪೆನ್ನಿನಲ್ಲಿ ಬರೆದರ ಇಂಕ್ ಹರಡತದ್ರಿ ಸರ್” ಅಂದ. ಅವನು ಗದಗದ ಕಡೆಯವನು. ಕಾರವಾರಕ್ಕೆ ಬರುವ ಮುಂಚೆ ಸಮುದ್ರವನ್ನೇ ನೋಡಿರಲಿಲ್ಲವಂತೆ. ಈಗ ಆ ಮರಿ ಏಡಿಗಳ ಹೆಸರು ಅವನಿಗೆ ಬಾಯಿಪಾಠ. ಅವನ ಆ ಪುಟ ಮುಂದೊಂದು ದಿನ ನ್ಯಾಯಾಲಯದಲ್ಲಿ ಒಂದು ಊರಿನ ಪರವಾಗಿ ನಿಲ್ಲಬಹುದು.

ಚಿಪ್ಪಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೀನಿಗೂ ಚಿಪ್ಪಿಗೂ ಒಂದು ವ್ಯತ್ಯಾಸ ಇದೆ. ಎಣ್ಣೆಯಲ್ಲಿ ಪಿಎಎಚ್ ಎನ್ನುವ ಗುಂಪಿನ ವಿಷಗಳಿರುತ್ತವೆ, ಕೆಲವು ಕ್ಯಾನ್ಸರ್ ತರುವಂಥವು. ಮೀನಿನ ಪಿತ್ತಜನಕಾಂಗ ಇವನ್ನು ಒಡೆದು ಹೊರಹಾಕುತ್ತದೆ. ಹಾಗಾಗಿ ನೀರು ಶುದ್ಧವಾದ ಮೇಲೆ ಮೀನಿನ ಮಾಂಸವೂ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಚಿಪ್ಪಿಗೆ ಆ ಶಕ್ತಿ ಬಹಳ ಕಡಿಮೆ. ಅದು ಒಂದೇ ಕಡೆ ಕೂತು ದಿನವಿಡೀ ನೀರು ಸೋಸುತ್ತದೆ, ಬಂದ ವಿಷವನ್ನೆಲ್ಲ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಎಣ್ಣೆ ಸೋರಿದ ಕಡೆ ಮೀನುಗಾರಿಕೆ ಮೊದಲು ಶುರುವಾಗುತ್ತದೆ, ಚಿಪ್ಪಿ ತೆಗೆಯುವುದಕ್ಕೆ ತಡವಾಗಿ ಅನುಮತಿ ಸಿಗುತ್ತದೆ.

ಈಗ ಕಾಳಿ, ಅಘನಾಶಿನಿಯ ಅಳಿವೆಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಚಿಪ್ಪಿ ತೆಗೆಯುವವರಲ್ಲಿ ಹೆಂಗಸರು ಬಹಳ. ಇಳಿತದಲ್ಲಿ ಮೊಣಕಾಲು ನೀರಿನಲ್ಲಿ ಬಗ್ಗಿ ಕೈಯಿಂದ ಆರಿಸುತ್ತಾರೆ. ಅದಕ್ಕೆ ದೋಣಿ ಬೇಡ, ಲೈಸೆನ್ಸ್ ಬೇಡ, ಡೀಸೆಲ್ ಸಬ್ಸಿಡಿಯ ಪುಸ್ತಕ ಬೇಡ. ಅಂದರೆ ಯಾವ ಕಚೇರಿಯ ಕಡತದಲ್ಲೂ ಆ ದುಡಿಮೆ ಇಲ್ಲ. ಎಣ್ಣೆ ಬಂದರೆ ಎಲ್ಲರಿಗಿಂತ ಜಾಸ್ತಿ ದಿನ ಕೆಲಸ ಕಳೆದುಕೊಳ್ಳುವವರು ಇವರೇ. ಪರಿಹಾರದ ಪಟ್ಟಿಯಲ್ಲಿ ಹೆಸರು ಇರದವರೂ ಇವರೇ. ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ 2010ರಲ್ಲಿ ಹೀಗೇ ಆಯಿತು. ಹಿಡಿದ ಸಿಗಡಿಗೆ ಚೀಟಿ, ತೆರಿಗೆ ಕಾಗದ ಇದ್ದವರು ನಷ್ಟ ತೋರಿಸಿ ಪರಿಹಾರ ಕೇಳಿದರು. ಕೈಯಿಂದ ಕೈಗೆ ಮಾರಿ ಮನೆ ನಡೆಸುತ್ತಿದ್ದವರು ಏನು ತೋರಿಸಬೇಕು? ಒಂದು ವಿಶ್ವವಿದ್ಯಾಲಯ ಈ ಹೆಂಗಸರ ಜೊತೆ ಕೂತು ಯಾವ ತಿಂಗಳು ಎಷ್ಟು ಬುಟ್ಟಿ, ಏನು ದರ ಎಂದು ವರ್ಷ ವರ್ಷ ಬರೆದಿಟ್ಟರೆ ಅದೇ ಅವರ ಕಾಗದ. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ.

2010ರ ಆ ದುರಂತ ಗೊತ್ತಿರಬೇಕು. ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ಅಟ್ಟಣೆ ಸ್ಫೋಟಿಸಿತು. 11 ಕೆಲಸಗಾರರು ಸತ್ತರು. ಸಮುದ್ರದ ತಳದ ಬಾವಿಯಿಂದ 87 ದಿನ ಎಣ್ಣೆ ಉಕ್ಕಿತು. ಕೊಲ್ಲಿಯಲ್ಲಿ ಅಮೆರಿಕದ ಕೇಂದ್ರ ಸರಕಾರದ ವ್ಯಾಪ್ತಿಯ ನೀರಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡೆ ಒಂದು ಹಂತದಲ್ಲಿ ಮೀನುಗಾರಿಕೆ ನಿಲ್ಲಿಸಿದ್ದರು. ಆಗ ದಡದ ಊರುಗಳಲ್ಲಿ ಜನರ ಪ್ರಶ್ನೆಗೆ ಎದುರು ನಿಂತು ಉತ್ತರಿಸಿದವರಲ್ಲಿ ಸೀ ಗ್ರಾಂಟ್‌ನವರು ಮುಖ್ಯ.

ಸೀ ಗ್ರಾಂಟ್ ಅಂದರೆ ಏನು ಎಂದು ಹುಬ್ಬಳ್ಳಿ-ಧಾರವಾಡದವರಿಗೆ ಹೇಳುವುದು ಬಹಳ ಸುಲಭ. ಯಾಕೆಂದರೆ ಅದರ ಅಣ್ಣ ನಮ್ಮೂರಲ್ಲೇ ಇದ್ದಾನೆ.

ನಮ್ಮದು ರಾಣೇಬೆನ್ನೂರು ಕಡೆಯ ಒಕ್ಕಲುತನದ ಮನೆ. ಒಂದು ವರ್ಷ ಮೆಣಸಿನಗಿಡಕ್ಕೆ ಮುಟುರು ರೋಗ ಬಂತು. ಅಂಗಡಿಯವರು ಹೇಳಿದ ಔಷಧ ಎರಡು ಸಲ ಹೊಡೆದರೂ ಬಗ್ಗಲಿಲ್ಲ. ಅಪ್ಪ ನಾಲ್ಕು ಎಲೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೊರಟರು, ನಾನೂ ಜೊತೆಗಿದ್ದೆ. ಅಲ್ಲಿನ ವಿಜ್ಞಾನಿ ಎಲೆಯನ್ನು ಬೆಳಕಿಗೆ ಹಿಡಿದು, ತಿರುವಿ, ಸಣ್ಣ ಭೂತಗನ್ನಡಿ ಇಟ್ಟು ನೋಡಿದರು. “ಎಲಿ ಕೆಳಗ ಮುದುಡೇತಿ ನೋಡ್ರಿ ಯಜಮಾನ್ರ. ಮ್ಯಾಲೆ ಮುದುಡಿದ್ರ ಥ್ರಿಪ್ಸ್ ಇರತಿತ್ತು. ಇದು ಮೈಟ್ ನುಸಿ. ನೀವು ಹೊಡದದ್ದು ಥ್ರಿಪ್ಸ್‌ದ ಔಷಧ” ಅಂದರು. ಭೂತಗನ್ನಡಿಯನ್ನು ಅಪ್ಪನ ಕೈಗೆ ಕೊಟ್ಟು, “ನೀವ ನೋಡ್ರಿ” ಅಂದರು. ಅಪ್ಪ ನೋಡಿದರು. ಅವತ್ತಿನಿಂದ ಅಪ್ಪನಿಗೆ ಆ ಕೇಂದ್ರದ ಮಾತು ಅಂದರೆ ಮಾತು. ಆಮೇಲೆ ಪ್ರತಿ ವರ್ಷ ಧಾರವಾಡದ ಕೃಷಿ ಮೇಳಕ್ಕೆ ಬರುತ್ತಿದ್ದರು, ಎತ್ತು ನೋಡಲು, ಬೀಜ ನೋಡಲು, ಮುಖ್ಯವಾಗಿ ಆ ಸಾಹೇಬರನ್ನು ಮಾತಾಡಿಸಲು.

ಅಮೆರಿಕದಲ್ಲಿ 1862ರಲ್ಲಿ ಒಂದು ಕಾಯಿದೆ ಬಂತು. ರಾಜ್ಯಗಳಿಗೆ ಜಮೀನು ಕೊಟ್ಟು, ಅದರ ದುಡ್ಡಿನಲ್ಲಿ ಕಾಲೇಜು ನಡೆಸಿ ಒಕ್ಕಲುತನ ಕಲಿಸಿ ಅಂದರು. ಲ್ಯಾಂಡ್ ಗ್ರಾಂಟ್ ಎಂದು ಅದರ ಹೆಸರು. ಮುಂದೆ ಊರೂರಿಗೆ ವಿಸ್ತರಣಾ ಅಧಿಕಾರಿಗಳು ಬಂದರು. 1960ರ ದಶಕದಲ್ಲಿ ನಮ್ಮ ದೇಶದ ಕೃಷಿ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಅದೇ ಮಾದರಿಯಲ್ಲಿ. ಬೆಂಗಳೂರಿನದು 1964ರಲ್ಲಿ, ಅದರಿಂದ ಬೇರೆಯಾದ ಧಾರವಾಡದ್ದು 1986ರಲ್ಲಿ. ಆ ಕಡೆ 1963ರಲ್ಲಿ ಅಥೆಲ್‌ಸ್ಟನ್ ಸ್ಪಿಲ್‌ಹಾಸ್ ಎಂಬ ವಿಜ್ಞಾನಿ, ರೈತರಿಗೆ ಮಾಡಿದ್ದನ್ನು ಮೀನುಗಾರರಿಗೆ ಯಾಕೆ ಮಾಡಬಾರದು ಎಂದು ಕೇಳಿದರು. 1966ರಲ್ಲಿ ಸೀ ಗ್ರಾಂಟ್ ಕಾಯಿದೆ ಆಯಿತು. ಈಗ ಅಲ್ಲಿ ಇಂಥ 34 ಕಾರ್ಯಕ್ರಮಗಳಿವೆ, ಎಲ್ಲ ವಿಶ್ವವಿದ್ಯಾಲಯಗಳ ಜೊತೆ ಸೇರಿಕೊಂಡವು. ಕೃಷಿ ವಿಜ್ಞಾನ ಕೇಂದ್ರದ ಸಾಹೇಬರು ಹೊಲಕ್ಕೆ ಬರುವಂತೆ ಸೀ ಗ್ರಾಂಟ್‌ನವರು ಬಂದರಿಗೆ ಬರುತ್ತಾರೆ. ಬಲೆ, ಮಂಜುಗಡ್ಡೆ, ಸಿಗಡಿ ಕೃಷಿ, ಬಿರುಗಾಳಿ ಎಲ್ಲದರ ಬಗ್ಗೆ ಮಾತಾಡುತ್ತಾರೆ. ಎಣ್ಣೆ ಸೋರಿಕೆ ಅದರಲ್ಲೊಂದು ವಿಷಯ ಅಷ್ಟೇ.

ಅದರಲ್ಲೇ ಗುಟ್ಟು ಇರುವುದು. 2010ರಲ್ಲಿ ಅವರು ದಡಕ್ಕೆ ಹೋದಾಗ ಜನರಿಗೆ ಹೊಸಬರಾಗಿರಲಿಲ್ಲ. ಸಿಗಡಿ ದೋಣಿಯ ಮಾಲೀಕನಿಗೆ ಅವರ ಫೋನ್ ನಂಬರ್ ಮೊದಲೇ ಗೊತ್ತಿತ್ತು. ಅಲ್ಲಿನ ಮೀನುಗಾರರಲ್ಲಿ ವಿಯೆಟ್ನಾಂನಿಂದ ಬಂದು ನೆಲೆಸಿದವರು ಬಹಳ. ಇಂಗ್ಲಿಷಿನ ಸೂಚನೆ ಅವರಿಗೆ ಉಪಯೋಗವಿಲ್ಲ ಎಂದು ತಿಳಿದು ವಿಯೆಟ್ನಾಮಿ ಭಾಷೆಯಲ್ಲೂ ಮಾಹಿತಿ ಕೊಟ್ಟರು. ಮುಂದೆ ಟೆಕ್ಸಾಸ್‌ನಿಂದ ಫ್ಲೋರಿಡಾವರೆಗಿನ ಸೀ ಗ್ರಾಂಟ್‌ನವರು ಒಟ್ಟಾಗಿ ಎಣ್ಣೆಯ ಬಗ್ಗೆ ಜನರಿಗೆ ತಿಳಿಸುವುದಕ್ಕೆಂದೇ ಒಂದು ತಂಡ ಕಟ್ಟಿದರು. ಮೀನು ತಿನ್ನಬಹುದಾ, ಎಣ್ಣೆ ಎಲ್ಲಿಗೆ ಹೋಯಿತು, ಎಣ್ಣೆ ಚದುರಿಸುವ ರಾಸಾಯನಿಕದಿಂದ ಏನಾಗುತ್ತದೆ, ಹೀಗೆ ಜನ ಕೇಳುವ ಪ್ರಶ್ನೆಗಳ ಮೇಲೆ ಸಣ್ಣ ಸಣ್ಣ ಪುಸ್ತಿಕೆ ಮಾಡಿದರು. ಗಣೇಶಪೇಟೆಯ ಅಕ್ಕನ ಪ್ರಶ್ನೆಗೆ ಅಲ್ಲಿ ಉತ್ತರ ಇತ್ತು.

ಮೀನು ಪರೀಕ್ಷೆ ಹೇಗೆ ಮಾಡುತ್ತಾರೆ ಎಂಬುದೂ ಕುತೂಹಲದ ವಿಷಯ. ಮೊದಲು ಮೂಗು. ತರಬೇತಿ ಪಡೆದ ಪರಿಣತರು ಹಸಿ ಮೀನು, ಬೇಯಿಸಿದ ಮೀನು ಎರಡನ್ನೂ ಮೂಸಿ, ರುಚಿ ನೋಡಿ ಎಣ್ಣೆಯ ವಾಸನೆ ಇದೆಯಾ ಎನ್ನುತ್ತಾರೆ. ಅದರಲ್ಲಿ ಪಾಸಾದ ಮೇಲೆ ಪ್ರಯೋಗಾಲಯದಲ್ಲಿ ರಾಸಾಯನಿಕ ಪರೀಕ್ಷೆ. ಎರಡರಲ್ಲೂ ಸರಿ ಬಂದರೆ ಮಾತ್ರ ಆ ಜಾಗ ತೆರೆಯುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಬಂಗಡೆ ಮೂಸಿದವರು ತಪ್ಪೇನೂ ಮಾಡಲಿಲ್ಲ. ಆದರೆ ಅವರ ಮೂಗಿನ ಹಿಂದೆ ಒಂದು ಪ್ರಯೋಗಾಲಯ ಇರಬೇಕಿತ್ತು. ಆ ಫಲಿತಾಂಶ ಕನ್ನಡದಲ್ಲಿ, ಒಂದೇ ಪುಟದಲ್ಲಿ, ಮಾರುಕಟ್ಟೆಯ ಗೋಡೆಗೆ ಬರಬೇಕಿತ್ತು. ಎಲ್ಸಾ ಮುಳುಗಿದಾಗ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೇರಳದ ದಡದುದ್ದಕ್ಕೂ ನೀರು, ಕೆಸರಿನ ಮಾದರಿ ತೆಗೆದರು. ಅದೇ ಸಂಸ್ಥೆಯ ಕೇಂದ್ರ ಕಾರವಾರದಲ್ಲೂ ಇದೆ. ವಿಜ್ಞಾನಿಗಳಿಗೆ ನಮ್ಮಲ್ಲಿ ಬರ ಇಲ್ಲ. ಅವರ ಮಾತು ಮಾರುವವರವರೆಗೆ, ತಿನ್ನುವವರವರೆಗೆ ಬರುವ ದಾರಿ ಇಲ್ಲ.

ಮನಸ್ಸಿನ ವಿಷಯ ಒಂದಿದೆ, ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ನಾಲ್ಕು ಕೋಟಿ ಲೀಟರಿನಷ್ಟು ಎಣ್ಣೆ ಸೋರಿತು. ಕಾರ್ಡೋವಾ ಎಂಬ ಸಣ್ಣ ಊರು, ಎಲ್ಲ ಮೀನಿನ ಮೇಲೇ ನಿಂತದ್ದು. ಕೆಲವು ವರ್ಷದಲ್ಲಿ ಹೆರಿಂಗ್ ಮೀನು ಕುಸಿಯಿತು. ಸೌತ್ ಅಲಬಾಮಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಸ್ಟೀವನ್ ಪಿಕೂ ಮತ್ತು ಅವರ ಸಂಗಡಿಗರು ಆ ಊರಿಗೆ ಮತ್ತೆ ಮತ್ತೆ ಹೋಗಿ ಜನರನ್ನು ಮಾತಾಡಿಸಿದರು. ಅವರು ಕಂಡದ್ದು ಇದು. ಬಿರುಗಾಳಿ, ಭೂಕಂಪ ಬಂದರೆ ಊರು ಒಂದಾಗುತ್ತದೆ. ಎಣ್ಣೆ ಬಂದರೆ ಊರು ಒಡೆಯುತ್ತದೆ. ಕಂಪನಿಯ ಶುಚಿ ಕೆಲಸಕ್ಕೆ ಹೋಗಿ ದುಡ್ಡು ಮಾಡಿದವರು ಒಂದು ಕಡೆ, ಹೋಗದವರು ಒಂದು ಕಡೆ. ಮೊಕದ್ದಮೆ ಮುಗಿಯುವುದೇ ಇಲ್ಲ. 1994ರಲ್ಲಿ ತೀರ್ಪುಗಾರರು ಹೇಳಿದ 500 ಕೋಟಿ ಡಾಲರ್ ದಂಡ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಸುಮಾರು 50 ಕೋಟಿಗೆ ಇಳಿಯಿತು. ಅಷ್ಟರೊಳಗೆ ಎಷ್ಟೋ ಜನ ತೀರಿಹೋಗಿದ್ದರು. ಕುಡಿತ, ಜಗಳ, ನಿದ್ದೆಗೇಡು, ಮುರಿದ ಮದುವೆಗಳು.

ಇಂಥವರು ಮನೋವೈದ್ಯರ ಹತ್ತಿರ ಹೋಗುವುದಿಲ್ಲ. ಅಲ್ಲೂ ಇಲ್ಲೂ ಅಷ್ಟೇ. ಹಾಗಾಗಿ ಕಾರ್ಡೋವಾದಲ್ಲಿ ಊರಿನವರಿಗೇ ತರಬೇತಿ ಕೊಟ್ಟರು. ಪಕ್ಕದವರ ಮಾತು ತಾಳ್ಮೆಯಿಂದ ಕೇಳುವುದು ಹೇಗೆ, ಯಾವಾಗ ಡಾಕ್ಟರ ಹತ್ತಿರ ಕರಕೊಂಡು ಹೋಗಬೇಕು, ಇಷ್ಟೇ. 2010ರಲ್ಲಿ ಅದೇ ತರಬೇತಿಯನ್ನು ಮೆಕ್ಸಿಕೋ ಕೊಲ್ಲಿಯ ಊರುಗಳಿಗೆ ಒಯ್ದರು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆ ಇದೆ, ಡಿಮ್ಹಾನ್ಸ್. ಸಮಾಜಕಾರ್ಯ ಕಲಿಯುವ ಮಕ್ಕಳು ವಿಶ್ವವಿದ್ಯಾಲಯದಲ್ಲಿ ಇದ್ದಾರೆ. ಎಣ್ಣೆ ಸೋರಿಕೆ ಅಂದರೆ ಜೀವಶಾಸ್ತ್ರ, ರಸಾಯನಶಾಸ್ತ್ರದ ಕೆಲಸ ಮಾತ್ರ ಎಂದು ನಾವು ತಿಳಿದರೆ ಇವರೆಲ್ಲ ಹೊರಗೇ ಉಳಿಯುತ್ತಾರೆ.

ನಂಬಿಕೆ ಉಳಿಯಬೇಕಾದರೆ ದುಡ್ಡು ಯಾರದು ಎಂಬುದೂ ಮುಖ್ಯ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಆ ಬಾವಿ ತೋಡಿಸುತ್ತಿದ್ದ ಬಿಪಿ ಕಂಪನಿ ಅಲ್ಲಿನ ವಿಶ್ವವಿದ್ಯಾಲಯಗಳ ವಿಜ್ಞಾನಿಗಳನ್ನು ತನ್ನ ಪರವಾಗಿ ಕೆಲಸಕ್ಕೆ ಕರೆಯಿತು. ಕಂಡದ್ದನ್ನು ಹೊರಗೆ ಹೇಳಬಾರದು ಎಂಬ ಷರತ್ತು ಅದರ ಜೊತೆಗಿತ್ತು. ಸೌತ್ ಅಲಬಾಮಾ ವಿಶ್ವವಿದ್ಯಾಲಯದ ಕಡಲ ವಿಜ್ಞಾನ ವಿಭಾಗವನ್ನೇ ಪೂರ್ತಿಯಾಗಿ ತೆಗೆದುಕೊಳ್ಳಲು ನೋಡಿದರು. ವಿಭಾಗದವರು ಒಪ್ಪಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಹೆಮ್ಮೆ ಅನ್ನಿಸಿತು, ಅವರು ಯಾರೋ ನಾನು ಯಾರೋ. ಅದೇ ಕಂಪನಿ 10 ವರ್ಷಕ್ಕೆ 50 ಕೋಟಿ ಡಾಲರ್ ಸಂಶೋಧನೆಗೆ ಕೊಟ್ಟಿತು ಎಂಬುದೂ ನಿಜ. ಆದರೆ ಆ ದುಡ್ಡನ್ನು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸಿದ್ದು ಸ್ವತಂತ್ರ ವಿಜ್ಞಾನಿಗಳ ಮಂಡಳಿ, ಫಲಿತಾಂಶ ಎಲ್ಲರಿಗೂ ಬಹಿರಂಗ. ನಮ್ಮ ಕರಾವಳಿಗೂ ಇದು ಬೇಕಾದ ಪಾಠ. ಅಂಕೋಲೆಯ ಕೇಣಿ, ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಬೇಡ ಎಂದು ಮೀನುಗಾರರು ಬೀದಿಗಿಳಿದಿದ್ದಾರೆ. ಇಂಥ ಹೊತ್ತಿನಲ್ಲಿ ಕಂಪನಿಯ ದುಡ್ಡಿನಲ್ಲಿ ಬಾಯಿ ಮುಚ್ಚಿಕೊಂಡು ವರದಿ ಬರೆದ ವಿಭಾಗದ ಮಾತನ್ನು ಮುಂದೆ ಎಣ್ಣೆ ಬಂದ ದಿನ ಯಾರೂ ಕೇಳುವುದಿಲ್ಲ.

2017ರ ಜನವರಿ 28ರಂದು ಚೆನ್ನೈ ಹತ್ತಿರ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದವು. ದಪ್ಪ ಎಣ್ಣೆ ದಡದ ಕಲ್ಲುಗಳ ಸಂದಿಯಲ್ಲಿ ಕೆಸರಿನಂತೆ ಕೂತಿತು. ಮೀನುಗಾರರು, ಕಾಲೇಜು ಹುಡುಗರು ಬಕೆಟ್ಟಿನಲ್ಲಿ ಮೊಗೆದು ಮೊಗೆದು ತೆಗೆದರು. ಆ ಫೋಟೋಗಳು ನೆನಪಿರಬೇಕು ನಿಮಗೆ. ಮೊಣಕೈವರೆಗೆ ಕಪ್ಪು, ಕೆಲವರಿಗೆ ಕೈಗವಸೂ ಇಲ್ಲ. ಅವರ ಮನಸ್ಸು ದೊಡ್ಡದು. ಆದರೆ ಫರ್ನೇಸ್ ಆಯಿಲ್ ಬರಿಗೈಯಲ್ಲಿ ಮುಟ್ಟುವ ವಸ್ತುವಲ್ಲ, ಅದರ ಹೊಗೆವಾಸನೆಯಲ್ಲಿ ತಾಸುಗಟ್ಟಲೆ ನಿಲ್ಲುವುದು ಒಳ್ಳೆಯದಲ್ಲ. ಎಂಥ ಕೈಗವಸು ಹಾಕಬೇಕು, ಎಷ್ಟು ಹೊತ್ತಿಗೊಮ್ಮೆ ಬದಲಿ ಬರಬೇಕು, ತೆಗೆದ ಎಣ್ಣೆಮರಳನ್ನು ಎಲ್ಲಿ ಇಡಬೇಕು, ಬಸುರಿಯರು, ಮಕ್ಕಳು ಯಾಕೆ ದೂರ ಇರಬೇಕು ಎಂದು ಮುಂಚೆಯೇ ಹೇಳಿಕೊಡಬಹುದು. ಒಂದು ಮಧ್ಯಾಹ್ನದ ಕೆಲಸ ಅದು.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ. ಕಾರವಾರದ ಬೈತಖೋಲದಲ್ಲಿ ದೋಣಿಗಳು ಒತ್ತಾಗಿ ನಿಂತಿರುತ್ತವೆ, ಜನ ಬಲೆ ರಿಪೇರಿ ಮಾಡುತ್ತಾ ದಡದಲ್ಲೇ ಸಿಗುತ್ತಾರೆ. ಕೋಡಿಬಾಗದ ವಿದ್ಯಾರ್ಥಿಗಳು ಅವರ ಜೊತೆ ಕೂರಲು ಅದೇ ಸರಿಯಾದ ಕಾಲ. ಮಾತು ಕೊಂಕಣಿಯಲ್ಲಿ ಆಗಬೇಕು, ಅದಕ್ಕೆ ಕಾರವಾರದ ಮಕ್ಕಳೇ ಮುಂದೆ ಇರಬೇಕು. ನಮ್ಮ ಗದಗ, ಹಾವೇರಿ ಕಡೆಯಿಂದ ಹೋದವರು ಜರಡಿ, ನೋಟ್‌ಬುಕ್ ಹಿಡಿಯಲಿ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಕೃಷಿ ವಿಜ್ಞಾನ ಕೇಂದ್ರ ಇದೆ. ಹಳ್ಳಿಯವರ ಜೊತೆ ಮಾತಾಡುವ ಕಲೆ ಅವರಿಗೆ ಗೊತ್ತು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಇವರೆಲ್ಲ ಒಂದು ಮೇಜಿನ ಸುತ್ತ ಕೂರಲು ಹೊಸ ಕಾಯಿದೆ ಬೇಕಿಲ್ಲ.

ಇದನ್ನು ಓದುತ್ತಿರುವವರಲ್ಲಿ ಕೋಡಿಬಾಗದಲ್ಲಿ ಎಂ.ಎಸ್ಸಿ. ಮಾಡಿದವರು ಇದ್ದರೆ ಅವರಿಗೊಂದು ವಿನಂತಿ. ನಿಮ್ಮ ಕೊನೆಯ ವರ್ಷದ ಪ್ರಬಂಧದ ಪ್ರತಿ ಮನೆಯ ಅಟ್ಟದ ಮೇಲೋ ಟ್ರಂಕಿನಲ್ಲೋ ಇರುತ್ತದೆ. ಕಾಳಿ ಅಳಿವೆಯ ಪ್ಲಾಂಕ್ಟನ್ ಇರಬಹುದು, ದಡದ ಏಡಿ ಇರಬಹುದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಅಂಟಿದ ಚಿಪ್ಪಿ ಇರಬಹುದು. ಅಂಕ ಬಂತು, ಕೆಲಸ ಮುಗೀತು ಅಂತ ಇಟ್ಟುಬಿಟ್ಟಿರುತ್ತೀರಿ. ದಯವಿಟ್ಟು ಅದನ್ನು ಹುಡುಕಿ ತೆಗೆಯಿರಿ. ಕೋಷ್ಟಕದ ಪುಟಗಳನ್ನು ಸ್ಕ್ಯಾನ್ ಮಾಡಿ ವಿಭಾಗಕ್ಕೆ ಕಳಿಸಿ. ಯಾವ ದಡ, ಯಾವ ತಿಂಗಳು, ಯಾವ ಜೀವಿ ಎಷ್ಟು, ಇಷ್ಟು ಇದ್ದರೂ ಸಾಕು. ಬಣ್ಣ ಮಾಸಿದ್ದರೆ ಬಿಸಿಲಿನ ಬೆಳಕಿನಲ್ಲಿ ಫೋಟೋ ತೆಗೆದರೂ ಅಕ್ಷರ ಕಾಣುತ್ತವೆ.